ತಪ್ಪಿಹೋದ ಋತು

(ಸೂರಗೊಂಡನಕೊಪ್ಪದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಸಂತ ಸೇವಾಲಾಲರ ಈ ನೆಲದಲ್ಲಿ ನಿಂತಾಗ, ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡೆಲ್ಲ ಸಂಚರಿಸಿದ ಬಂಜಾರ ಹಿರಿಯರ ನೆನಪಾಗುತ್ತದೆ. ಕಾಡು, ನೀರು, ದಾರಿಗಳ ಅರಿವು ಅವರಿಗೆ ದಕ್ಕಿದ್ದು ನಡೆದಾಡಿಯೇ. ಕ್ಷೇತ್ರಾಧ್ಯಯನವೂ ಅಂಥದೇ ನಡಿಗೆ. ಅದು ನಿಂತರೆ ಏನಾಗುತ್ತದೆಂಬುದನ್ನು 2020ರ ಕೊರೊನಾ ಕಾಲ ತೋರಿಸಿಕೊಟ್ಟಿತು.

ನಮಗೆ ಹತ್ತಿರದ ನಿದರ್ಶನ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡಿಗೇ ಬಂದು, ರೋಗ ಹರಡುವುದು ಉಣುಗಿನಿಂದ ಎಂದು ಕಂಡುಕೊಂಡರು. ಬಿಳಿಯ ಬಟ್ಟೆಯನ್ನು ತರಗೆಲೆಗಳ ಮೇಲೆ ಎಳೆದು, ಅಂಟಿದ ಉಣುಗುಗಳನ್ನು ಎಣಿಸುವುದು ಈ ಅಧ್ಯಯನದ ಒಂದು ಕ್ರಮ. ಮರಿ ಉಣುಗುಗಳು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಮಳೆ ಹಿಡಿದರೆ ಆ ವರ್ಷದ ಲೆಕ್ಕ ಮುಗಿದಂತೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದದ್ದು ಇದೇ ಋತುವಿನ ನಡುವೆ. ಹಿರಿಯ ವಿಜ್ಞಾನಿಗೆ ಹಳೆಯ ದಾಖಲೆಗಳಿರುತ್ತವೆ, ಸಂಬಳವಿರುತ್ತದೆ. ಹೊಸದಾಗಿ ಸಂಶೋಧನೆಗೆ ಇಳಿದವರ ಕೈಯಲ್ಲಿರುವುದು ಎರಡೋ ಮೂರೋ ಋತು. ಒಂದು ತಪ್ಪಿದರೆ ಹೋಲಿಸಿ ನೋಡಲು ಆಧಾರವೇ ಉಳಿಯದು. ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಬಂಧ ಸಲ್ಲಿಕೆಗೆ ಆ ವರ್ಷ ಆರು ತಿಂಗಳ ಹೆಚ್ಚಿನ ಅವಕಾಶ ಕೊಟ್ಟಿತು. ಶಿಷ್ಯವೇತನದ ಅವಧಿ ಮಾತ್ರ ಐದೇ ವರ್ಷವೆಂದಿತು. ಗಡುವು ಬೆಳೆಯಿತು, ಅನ್ನ ಬೆಳೆಯಲಿಲ್ಲ. ಮನೆಯಿಂದ ಹಣ ತರಿಸಿಕೊಳ್ಳಲಾಗದ ಹಳ್ಳಿಯ ಮಕ್ಕಳಿಗೆ ಇದರ ಪೆಟ್ಟು ಹೆಚ್ಚು.

ಹಾಗೆಂದು ಸೋಂಕನ್ನು ಹೊತ್ತು ಹಳ್ಳಿ, ತಾಂಡಾಗಳಿಗೆ ನುಗ್ಗಬೇಕಿತ್ತೆಂದು ನಾನು ಹೇಳಲಾರೆ. ದೂರ ಉಳಿದದ್ದೇ ಧರ್ಮ. ಆದರೆ ಹೊರಗಿನವರು ಬಾರದಿದ್ದಾಗಲೂ ಕಾಡಿನಂಚಿನಲ್ಲಿ ಇದ್ದವರು ಯಾರು? ನೀವು. ಮಾವು ಹೂಬಿಟ್ಟ ದಿನ, ಹಳ್ಳ ಬತ್ತಿದ ದಿನ, ಮಂಗ ಸತ್ತ ಜಾಗ ಇವನ್ನು ಊರ ಶಾಲೆಯ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಲಾಕ್‌ಡೌನಿನಲ್ಲಿ ಋತು ಪೂರ್ತಿ ಕಳೆದುಹೋಗದು. ಸತ್ತ ಮಂಗವನ್ನು ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇದನ್ನು ಬಿಟ್ಟಿ ಚಾಕರಿಯಾಗಿಸಬಾರದು. ಬರೆದವರ ಹೆಸರು ಪ್ರಬಂಧದಲ್ಲಿ ಬರಬೇಕು, ಶ್ರಮಕ್ಕೆ ಕೂಲಿ ಸಿಗಬೇಕು, ಫಲಿತಾಂಶ ಕನ್ನಡದಲ್ಲಿ ಊರಿಗೆ ಮರಳಬೇಕು. ಗಡುವು ವಿಸ್ತರಿಸುವವರು ಶಿಷ್ಯವೇತನವನ್ನೂ ವಿಸ್ತರಿಸಬೇಕು. ಈ ಎರಡು ಬೇಡಿಕೆಗಳನ್ನೂ ಹಳ್ಳಿಯವರು ಮತ್ತು ವಿದ್ಯಾರ್ಥಿಗಳು ಜೊತೆಯಾಗಿಯೇ ಕೇಳೋಣ.