ಹೇಳಿದ ಮಾತನ್ನು ಹೇಳುವುದು

ಇಂಗ್ಲಿಷ್ ವ್ಯಾಕರಣವನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರಿಗೂ ಒಂದು ಅಭ್ಯಾಸದ ನೆನಪು ಇದ್ದೇ ಇರಬೇಕು. ಉದ್ಧರಣ ಚಿಹ್ನೆಗಳ ನಡುವೆ ಯಾರೋ ಆಡಿದ ಒಂದು ಮಾತು. ಅದರ ಮುಂದೆ ‘ಪರೋಕ್ಷೋಕ್ತಿಗೆ ತಿರುಗಿಸಿ’ ಎಂಬ ಅಪ್ಪಣೆ. ‘ಐ’ ಇದ್ದಲ್ಲಿ ‘ಹೀ’, ‘ಆಮ್’ ಇದ್ದಲ್ಲಿ ‘ವಾಸ್’, ‘ಟುಡೇ’ ಇದ್ದಲ್ಲಿ ‘ದಟ್ ಡೇ’ ಎಂದು ನಾವು ಪದಗಳನ್ನು ಕಿತ್ತು ಬೇರೆ ಪದಗಳನ್ನು ನೆಡುತ್ತಿದ್ದೆವು. ಏಕೆ ಎಂದು ನಾವು ಕೇಳಲಿಲ್ಲ, ಹೇಳಿದವರೂ ಕಡಿಮೆ. ನಮ್ಮ ದೇಶದ ಹುಡುಗರಿಗೆ ಈ ಪಾಠವನ್ನು ಹೆಚ್ಚಾಗಿ ಕಲಿಸಿದ ಗ್ರಂಥ ರೆನ್ ಮತ್ತು ಮಾರ್ಟಿನ್ ಎಂಬವರದು. ಆ ರೆನ್ ಮಹಾಶಯನು ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯನ್ನು ಬರೆದು ಹೆಸರಾದವನೂ ಅವನೇ. ಮರುಭೂಮಿಯ ಕೋಟೆಯಲ್ಲಿ ಕಾದಾಡುವ ವೀರರನ್ನು ಸೃಷ್ಟಿಸಿದವನೇ ನಮ್ಮ ವ್ಯಾಕರಣದ ಪುಸ್ತಕದಲ್ಲಿಯೂ ಕೈಯಿಟ್ಟಿದ್ದನೆಂದು ಆಗ ತಿಳಿದಿದ್ದರೆ ಅದನ್ನು ಇನ್ನೂ ಸ್ವಲ್ಪ ಗೌರವದಿಂದ ಕಾಣುತ್ತಿದ್ದೆವೋ ಏನೋ.

ನಾನು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಒಂದು ಕಾರಣವುಂಟು. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ನೆರೆಮನೆಯಲ್ಲಿ ಒಬ್ಬ ವೃದ್ಧೆ ಒಬ್ಬಳೇ ಇದ್ದಳು. ಅವಳ ಒಬ್ಬನೇ ಮಗ ಉತ್ತರ ದೇಶದ ಯಾವುದೋ ಒಂದು ಕಚೇರಿಯಲ್ಲಿ ಗುಮಾಸ್ತೆ. ಅಜ್ಜಿ ಖಾಯಿಲೆ ಬಿದ್ದಳು. ಮಗನಿಗೆ ರಜೆ ದೊರೆಯಬೇಕಾದರೆ ಅವನ ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಕಾಗದ ಹೋಗಬೇಕು. ಕೇರಿಯಲ್ಲಿ ಇಂಗ್ಲಿಷ್ ಬಲ್ಲವನೆಂದು ಹೆಸರಾಗಿದ್ದವನು ನಾನು. “ನನಗೆ ಬಹಳ ಖಾಯಿಲೆಯಾಗಿದೆ, ಅವನು ಒಡನೆ ಬರಬೇಕು ಅಂತ ಬರಿಯಪ್ಪಾ” ಎಂದಳು ಅಜ್ಜಿ. ನಾನು ಬರೆದೆ: ‘ಹಿಸ್ ಮದರ್ ಟೋಲ್ಡ್ ದಟ್ ಐ ಆಮ್ ವೆರಿ ಇಲ್ ಅಂಡ್ ಹೀ ಮಸ್ಟ್ ಕಮ್ ಅಟ್ ಒನ್ಸ್.’ ಕೆಳಗೆ ನನ್ನ ರುಜು. ಉತ್ತರವೇನೋ ಬಂದಿತು. ನೆರೆಮನೆಯ ಹುಡುಗನೊಬ್ಬನ ಖಾಯಿಲೆಗಾಗಿ ರಜೆ ಕೊಡುವ ಪದ್ಧತಿ ಇಲ್ಲವೆಂದು ಅದರಲ್ಲಿ ಬರೆದಿತ್ತು.

ಅಧಿಕಾರಿಯದು ತಪ್ಪೆನ್ನಲಾಗದು. ಉದ್ಧರಣ ಚಿಹ್ನೆಯಿಲ್ಲದೆ ‘ದಟ್’ ಎಂದು ಆರಂಭಿಸಿದ ಮೇಲೆ ‘ಐ’ ಎಂದರೆ ಕಾಗದ ಬರೆದವನು, ಅಜ್ಜಿಯಲ್ಲ. ಆದರೆ ನನ್ನ ತಪ್ಪೂ ಕೇವಲ ಅಜಾಗ್ರತೆಯದಲ್ಲ. ಅದು ನನ್ನ ತಾಯ್ನುಡಿಯಿಂದ ಬಂದುದು. ಕನ್ನಡದಲ್ಲಿ ನಮಗೆ ‘ಎಂದು’ ಎಂಬ ಒಂದು ಪುಟ್ಟ ಪದವುಂಟು. ‘ಎನ್ನು’ ಎಂಬ ಧಾತುವಿನಿಂದ ಹುಟ್ಟಿದ ಈ ಪದ, ಯಾರ ಮಾತನ್ನಾದರೂ ಹೇಳಿದಂತೆಯೇ ಹೊತ್ತು ತರಬಲ್ಲದು. “ನಾಳೆ ಬರುತ್ತೇನೆ ಎಂದು ಹೇಳಿದ” ಎಂದರೆ ಬರುವವನು ಯಾರೆಂದು ನಮ್ಮಲ್ಲಿ ಮಗುವಿಗೂ ಸಂದೇಹವಿಲ್ಲ. ಸಂಸ್ಕೃತದ ‘ಇತಿ’ ಮಾಡುವ ಕೆಲಸವೂ ಇದೇ. ಮಾತನ್ನು ಗಂಟುಕಟ್ಟಿ ತುದಿಯಲ್ಲಿ ಒಂದು ಮುದ್ರೆಯೊತ್ತಿದರೆ ಆಯಿತು; ಒಳಗಿನದನ್ನು ಯಾರೂ ಮುಟ್ಟುವುದಿಲ್ಲ.

ಇಂಗ್ಲಿಷಿನ ‘ದಟ್’ ಇಂತಹ ಮುದ್ರೆಯಲ್ಲ. ಅಲ್ಲಿ ವರದಿ ಮಾಡುವವನು ಗಂಟನ್ನು ಬಿಚ್ಚಿ, ಒಳಗಿನ ಪದಾರ್ಥಗಳನ್ನು ತಾನು ನಿಂತಿರುವ ಸ್ಥಳದಿಂದ ನೋಡಿ ಪುನಃ ಜೋಡಿಸಬೇಕು. ‘ನಾನು’ ಎಂದರೆ ಯಾರಿಗೆ ನಾನು? ‘ಇಂದು’ ಎಂದರೆ ಯಾವ ದಿನದಿಂದ ಎಣಿಸಿದ ಇಂದು? ‘ಇಲ್ಲಿ’ ಎಂದರೆ ಎಲ್ಲಿ ನಿಂತು ಹೇಳಿದ ಇಲ್ಲಿ? ನಿಯಮಗಳೆಲ್ಲವೂ ಈ ಪ್ರಶ್ನೆಗಳಿಂದ ಹುಟ್ಟಿದವು. ಸೋಮವಾರ ಒಬ್ಬನು ‘ನಾಳೆ’ ಎಂದುದನ್ನು ಶುಕ್ರವಾರ ನಾವು ‘ಟುಮಾರೊ’ ಎಂದು ಹೇಳಿದರೆ ಅವನು ಶನಿವಾರದ ಮಾತನ್ನು ಕೊಟ್ಟಂತಾಗುತ್ತದೆ. ಆದಕಾರಣ ‘ದ ನೆಕ್ಸ್ಟ್ ಡೇ’. ಆದರೆ ಅದೇ ಸೋಮವಾರದ ಸಂಜೆಯೇ ಅದನ್ನು ಹೇಳುವುದಾದರೆ ‘ಟುಮಾರೊ’ ಎಂಬುದನ್ನು ಬದಲಾಯಿಸಬೇಕಾದ ಅವಶ್ಯಕತೆಯೇ ಇಲ್ಲ. ಪರೀಕ್ಷಕರು ಇದಕ್ಕೆ ಅಂಕ ಕಳೆಯುವುದುಂಟು, ಭಾಷೆ ಕಳೆಯುವುದಿಲ್ಲ. ಕಾಲದ ವಿಷಯವೂ ಹೀಗೆಯೇ. ‘ಸೆಡ್’ ಎಂದು ಹಿಂದಿನ ಕಾಲದಲ್ಲಿ ಹೇಳಿದೊಡನೆ ಒಳಗಿನ ಕ್ರಿಯೆಯೂ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ‘ಸೇಸ್’ ಎಂದರೆ ಅದು ಕದಲುವುದಿಲ್ಲ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬ ನಿತ್ಯಸತ್ಯವನ್ನಂತೂ ಹಿಂದಕ್ಕೆ ತಳ್ಳಬೇಕಾದುದಿಲ್ಲ.

ಪ್ರಶ್ನೆಯನ್ನು ವರದಿ ಮಾಡುವಾಗ ನಮ್ಮವರು ಎಡವುವುದು ಇನ್ನೂ ಹೆಚ್ಚು. ‘ಹೀ ಆಸ್ಕ್‌ಡ್ ಮಿ ವೇರ್ ವಾಸ್ ಐ ಗೋಯಿಂಗ್’ ಎಂದು ಪದವೀಧರರೂ ಬರೆಯುತ್ತಾರೆ. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದು ಕನ್ನಡದ ನಡೆ. ಇಂಗ್ಲಿಷಿನಲ್ಲಿ ಅದು ಸಾಮಾನ್ಯ ವಾಕ್ಯದ ಕ್ರಮಕ್ಕೆ ಇಳಿದು ‘ವೇರ್ ಐ ವಾಸ್ ಗೋಯಿಂಗ್’ ಎಂದಾಗಬೇಕು. ‘ಟೋಲ್ಡ್’ ಎಂಬುದರ ಮುಂದೆ ಯಾರಿಗೆ ಎಂಬುದು ಬಾರದೆ ‘ದಟ್’ ಬರಕೂಡದು. ನನ್ನ ಕಾಗದದಲ್ಲಿ ಆ ದೋಷವೂ ಇತ್ತೆಂಬುದನ್ನು ತಾವು ಗಮನಿಸಿರಬಹುದು.

ಇಷ್ಟನ್ನು ಕೇಳಿ ಇಂಗ್ಲಿಷಿನ ಕ್ರಮವೇ ಹೆಚ್ಚು ನಿಷ್ಕೃಷ್ಟವೆಂದು ಯಾರಾದರೂ ಭಾವಿಸಿದರೆ ಅವರಿಗೆ ಒಂದು ವಾಕ್ಯವನ್ನು ಕೊಡುತ್ತೇನೆ. ತಿಮ್ಮಯ್ಯನು ಕೆಂಚಪ್ಪನಿಗೆ, ತಾನು ಹಣವನ್ನು ಕೊಟ್ಟಾಗಿದೆಯೆಂದು ಹೇಳಿದನು. ಕೊಟ್ಟವನು ತಿಮ್ಮಯ್ಯ, ‘ತಾನು’ ಎಂಬ ಪದ ಮಾತನಾಡಿದವನನ್ನು ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ‘ತಾನು’ ಇದ್ದಲ್ಲಿ ‘ಅವನು’ ಎಂದಿದ್ದರೆ ಕೊಟ್ಟವನು ಬೇರೊಬ್ಬ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹೀ’ ಒಂದೇ. ಕೊಟ್ಟವನು ತಿಮ್ಮಯ್ಯನೋ ಕೆಂಚಪ್ಪನೋ ಮತ್ತೊಬ್ಬನೋ ತಿಳಿಯದು. ಅದಕ್ಕಾಗಿಯೇ ಎಚ್ಚರಿಕೆಯುಳ್ಳ ವಕೀಲರು ‘ಹೀ’ ಎಂದು ಬರೆದ ಒಡನೆಯೇ ಹೆಸರನ್ನೂ ಸೇರಿಸುವುದು. ಕಾಲದಲ್ಲಿಯೂ ನಷ್ಟವುಂಟು. ‘ಐ ಸಾ’ ಎಂದು ಹೇಳಿದ್ದರೂ ‘ಐ ಹ್ಯಾವ್ ಸೀನ್’ ಎಂದು ಹೇಳಿದ್ದರೂ ಪರೋಕ್ಷೋಕ್ತಿಯಲ್ಲಿ ಉಳಿಯುವುದು ‘ಹ್ಯಾಡ್ ಸೀನ್’ ಮಾತ್ರ. ಅದನ್ನು ನೋಡಿ ಮೂಲದ ಮಾತು ಯಾವುದಿತ್ತೆಂದು ಯಾರೂ ಹೇಳಲಾರರು.

ಕನ್ನಡದಿಂದ ಇಂಗ್ಲಿಷಿಗೆ ಮಾತನ್ನು ಸಾಗಿಸುವಾಗ ಇನ್ನೊಂದು ವಸ್ತು ದಾರಿಯಲ್ಲಿಯೇ ಬಿದ್ದುಹೋಗುತ್ತದೆ. ‘ಹೋಗಿ’, ‘ಹೋಗು’, ‘ಹೋಗೋ’, ಮೂರಕ್ಕೂ ‘ಟೋಲ್ಡ್ ಹಿಮ್ ಟು ಗೋ’. ನಮ್ಮ ಊರುಗಳಲ್ಲಿ ಎಷ್ಟೋ ಜಗಳಗಳಿಗೆ ಮೂಲ, ಒಬ್ಬನು ಇನ್ನೊಬ್ಬನನ್ನು ಏಕವಚನದಲ್ಲಿ ಮಾತನಾಡಿಸಿದುದು. ಇಂಗ್ಲಿಷಿನ ವರದಿಯನ್ನು ಓದಿದವನಿಗೆ, ಹೋಗೆಂದುದಕ್ಕೆ ಇವನು ಕೈಯೆತ್ತಿದನೇ ಎಂದು ಆಶ್ಚರ್ಯವಾಗುತ್ತದೆ. ಜಗಳದ ಕಾರಣವೇ ವರದಿಯಿಂದ ಮಾಯವಾಗಿದೆ.

ಇದಕ್ಕಿಂತ ದೊಡ್ಡ ವಿಷಯ, ವರದಿಗಾರನು ಆರಿಸುವ ಕ್ರಿಯಾಪದ. ವ್ಯಾಕರಣದ ಪುಸ್ತಕವು ನಮಗೆ ‘ಬೆಗ್‌ಡ್’, ‘ಆರ್ಡರ್ಡ್’, ‘ಅಡ್ಮಿಟೆಡ್’ ಎಂಬ ಪದಗಳ ಪಟ್ಟಿಯನ್ನು ಕೊಟ್ಟು, ಸಂದರ್ಭ ನೋಡಿ ಹಾಕಿಕೊಳ್ಳಿರೆನ್ನುತ್ತದೆ. “ನಾನು ಅಲ್ಲಿದ್ದೆ” ಎಂದು ಒಬ್ಬನು ಹೇಳಿದ. ‘ಹೇಳಿದನು’ ಎಂದು ಬರೆದರೆ ಅದೊಂದು ಸಂಗತಿ. ‘ಒಪ್ಪಿಕೊಂಡನು’ ಎಂದು ಬರೆದರೆ ಅದೊಂದು ಅಪರಾಧದ ಅರ್ಧ. ಅವನ ಬಾಯಿಂದ ಬಂದ ಪದಗಳು ಮಾತ್ರ ಅವೇ. ಬೇಡಿದನೋ ಗದರಿಸಿದನೋ ಎಂಬುದನ್ನು ನಿರ್ಣಯಿಸುವ ಅಧಿಕಾರವನ್ನು ಹದಿಮೂರು ವರ್ಷದ ಹುಡುಗನಿಗೆ ಕೊಟ್ಟು, ಅದೊಂದು ನಿರ್ಣಯವೆಂದು ಅವನಿಗೆ ತಿಳಿಸದೆ ಬಿಡುವುದು ನಮ್ಮ ಪಾಠಕ್ರಮದ ನಿಜವಾದ ಕೊರತೆಯೆಂದು ನನ್ನ ಅಭಿಪ್ರಾಯ.

ನ್ಯಾಯಶಾಸ್ತ್ರವು ಇದನ್ನು ಚೆನ್ನಾಗಿ ಬಲ್ಲದು. ಬಾಯಿಮಾತಿನ ಸಾಕ್ಷ್ಯವು ನೇರವಾಗಿರಬೇಕು, ಕಂಡ ಸಂಗತಿಯಾದರೆ ಕಂಡವನೇ ಬಂದು ಹೇಳಬೇಕು ಎಂದು 1872ರ ಸಾಕ್ಷ್ಯದ ಕಾಯಿದೆ ವಿಧಿಸಿತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಹೊಸ ಅಧಿನಿಯಮವೂ ಆ ವಿಧಿಯನ್ನು ಉಳಿಸಿಕೊಂಡಿದೆ. ಆದರೂ ನ್ಯಾಯಾಲಯದ ದಾಖಲೆಯಲ್ಲಿ ಸಾಕ್ಷಿಯ ಹೇಳಿಕೆ ಸಾಮಾನ್ಯವಾಗಿ ಪ್ರಶ್ನೋತ್ತರವಾಗಿರದೆ ಕಥನರೂಪದಲ್ಲಿರುತ್ತದೆ. ವಕೀಲರು ಒಂದು ಉದ್ದನೆಯ ಆರೋಪವನ್ನು ಪ್ರಶ್ನೆಯಾಗಿ ಹಾಕುತ್ತಾರೆ. ಹಳ್ಳಿಯ ಸಾಕ್ಷಿ “ಇಲ್ಲ ಸ್ವಾಮಿ” ಎನ್ನುತ್ತಾನೆ. ದಾಖಲೆಯಲ್ಲಿ ಮಾತ್ರ, ಇಂತಿಂತಹುದನ್ನು ಸೂಚಿಸುವುದು ಸರಿಯಲ್ಲವೆಂಬ ಇಂಗ್ಲಿಷ್ ವಾಕ್ಯವೊಂದು ಅವನ ಬಾಯಿಂದ ಬಂದಂತೆ ನಿಂತಿರುತ್ತದೆ. ಪದಗಳೇ ಮುಖ್ಯವಾದಲ್ಲಿ ಪ್ರಶ್ನೆಯನ್ನೂ ಉತ್ತರವನ್ನೂ ಇದ್ದಂತೆಯೇ ಬರೆಯಿಸುವ ವಿವೇಚನೆ ನ್ಯಾಯಾಧೀಶರಿಗೆ ಉಂಟು.

ಹಾಗೆಂದು ಉದ್ಧರಣ ಚಿಹ್ನೆಯನ್ನು ಕಂಡೊಡನೆ ನಂಬಿಬಿಡಲೂ ಆಗದು. ಇಂಗ್ಲೆಂಡಿನ ಪಾರ್ಲಿಮೆಂಟಿನ ಚರ್ಚೆಗಳನ್ನು ಪ್ರಕಟಿಸುವುದು ನಿಷಿದ್ಧವಾಗಿದ್ದ ಕಾಲದಲ್ಲಿ, 1740ರ ದಶಕದ ಆದಿಯಲ್ಲಿ, ಸ್ಯಾಮ್ಯುಯೆಲ್ ಜಾನ್ಸನ್ ಒಂದು ಮಾಸಪತ್ರಿಕೆಗೆ ‘ಲಿಲಿಪುಟ್’ ದೇಶದ ಸಭೆಯ ಚರ್ಚೆಗಳೆಂಬ ನೆಪದಲ್ಲಿ ಆ ಭಾಷಣಗಳನ್ನು ಬರೆದನು. ಬೇರೆಯವರು ತಂದುಕೊಟ್ಟ ಅಲ್ಪ ಟಿಪ್ಪಣಿಗಳೇ ಅವನಿಗೆ ಆಧಾರ; ಉಳಿದುದು ಅವನ ಲೇಖನಿ. ಓದಿದವರು ಅವನ್ನು ಮುತ್ಸದ್ದಿಗಳ ಸ್ವಂತ ಮಾತುಗಳೆಂದೇ ನಂಬಿದರು. ಅಲ್ಲಿನ ಕೆಳಮನೆಯು ತನ್ನದೇ ವರದಿಗಾರರನ್ನಿಟ್ಟು ಸದಸ್ಯರ ಮಾತನ್ನು ಉತ್ತಮಪುರುಷದಲ್ಲಿಯೇ ಪೂರ್ಣವಾಗಿ ಅಚ್ಚುಮಾಡಿಸಲು ತೊಡಗಿದುದು 1909ರಲ್ಲಿ.

ನನ್ನ ಕಾಗದದ ಕಥೆ ಅರ್ಧದಲ್ಲಿ ನಿಂತಿದೆ. ಉತ್ತರವನ್ನು ಹಿಡಿದು ನಮ್ಮ ಮೇಷ್ಟರ ಮನೆಗೆ ಓಡಿದೆ. ಅವರು ನನ್ನ ವಾಕ್ಯವನ್ನು ಕೇಳಿ ನಗಲಿಲ್ಲ. ‘ಐ ಆಮ್’ ಎಂಬುದನ್ನು ‘ಶೀ ವಾಸ್’ ಎಂದು ಮಾಡಲೇ ಎಂದು ಕೇಳಿದೆ. “ಬೇಡ. ‘ವಾಸ್’ ಎಂದರೆ ಈಗ ವಾಸಿಯಾಗಿರಬಹುದು ಎಂದುಕೊಂಡಾರು. ‘ಸೇಸ್’ ಎಂದು ಬರೆ. ಆಗ ‘ಈಸ್’ ಉಳಿಯುತ್ತದೆ” ಎಂದರು. ‘ಹಿಸ್ ಮದರ್ ಸೇಸ್ ದಟ್ ಶೀ ಈಸ್ ವೆರಿ ಇಲ್’ ಎಂದು ಎರಡನೆಯ ಕಾಗದ ಹೋಯಿತು. ರಜೆ ದೊರೆಯಿತು. ಮಗ ಬಂದು ಇಳಿಯುವ ವೇಳೆಗೆ ಅಜ್ಜಿಗೆ ಉಸಿರಿತ್ತು, ಮಾತು ನಿಂತು ಎರಡು ದಿನಗಳಾಗಿದ್ದುವು. ಆತ ಹಾಸಿಗೆಯ ಬಳಿಯಿಂದ ಎದ್ದು ಹೊರಗೆ ಬಂದು, “ಅಮ್ಮ ನಿನ್ನ ಹತ್ತಿರ ಏನು ಹೇಳಿದ್ದರಪ್ಪಾ? ಅವರ ಮಾತಿನಲ್ಲಿಯೇ ಹೇಳು” ಎಂದು ಕೇಳಿದನು. ಅಜ್ಜಿ ಹೇಳಿದಂತೆಯೇ ಹೇಳಿದೆ.