ಒಂದಾಣೆಯ ಬೆಲೆ

(ಶತಮಾನೋತ್ಸವದ ನಾಣ್ಯ ಪ್ರದರ್ಶನವನ್ನು ಉದ್ಘಾಟಿಸಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಮನೆಗಳಿಂದ ಬಂದ ನಾಣ್ಯಗಳು ಈ ಮೇಜುಗಳ ಮೇಲಿವೆ. ಇವುಗಳಲ್ಲಿ ಹೆಚ್ಚಿನವು ಚಿನ್ನವಲ್ಲ, ಬೆಳ್ಳಿಯೂ ಅಲ್ಲ; ಸಂತೆಯಲ್ಲಿ, ಗಿರಣಿಯ ಪಗಾರದಲ್ಲಿ ಕೈಯಿಂದ ಕೈಗೆ ದಾಟಿದ ನಿಕ್ಕೆಲ್ ನಾಣ್ಯಗಳು.

ಅಮೇರಿಕವು 1866ರಲ್ಲಿ 75 ಪಾಲು ತಾಮ್ರ, 25 ಪಾಲು ನಿಕ್ಕೆಲ್ ಬೆರೆಸಿ ಐದು ಸೆಂಟಿನ ನಾಣ್ಯವನ್ನು ಟಂಕಿಸಿತು. ಅಲ್ಲಿಯ ಜನ ಇಂದಿಗೂ ಅದನ್ನು ‘ನಿಕ್ಕೆಲ್’ ಎಂದೇ ಕರೆಯುತ್ತಾರೆ. ಏಳನೆಯ ಎಡ್ವರ್ಡನ ಕಾಲದಲ್ಲಿ ನಮ್ಮ ಅಲೆಯಂಚಿನ ಒಂದಾಣೆಯೂ ಇದೇ ಮಿಶ್ರಲೋಹದಲ್ಲಿ ಬಂದಿತು. ಅದರ ಹಿಂಬದಿಯಲ್ಲಿ ನಾಗರಿ, ಉರ್ದು, ಬಂಗಾಳಿ, ತೆಲುಗು ಲಿಪಿಗಳಲ್ಲಿ ಬೆಲೆ ಬರೆದಿದೆ. ಕನ್ನಡವಿಲ್ಲ. ಆದರೂ ತೆಲುಗು ಅಕ್ಷರಗಳನ್ನು ನಮ್ಮ ಮಕ್ಕಳು ಕೂಡಿಸಿಕೊಂಡು ಓದಬಲ್ಲರು, ಓದಿ ನೋಡಿರಿ.

ಎರಡನೆಯ ಮಹಾಯುದ್ಧದಲ್ಲಿ ಯುದ್ಧಸಾಮಗ್ರಿಗೆ ನಿಕ್ಕೆಲ್ ಬೇಕಾಯಿತು. ಅಮೇರಿಕವು 1942ರಿಂದ 1945ರವರೆಗೆ ತನ್ನ ನಿಕ್ಕೆಲ್ಲನ್ನು ತಾಮ್ರ, ಬೆಳ್ಳಿ, ಮ್ಯಾಂಗನೀಸುಗಳಿಂದ ಟಂಕಿಸಿ, ಗುರುತಿಗಾಗಿ ಹಿಂಬದಿಯ ಕಟ್ಟಡದ ಮೇಲೆ ದೊಡ್ಡ ಅಕ್ಷರವೊಂದನ್ನು ಮುದ್ರಿಸಿತು. ಅದೇ ವರ್ಷಗಳಲ್ಲಿ ನಮ್ಮ ಒಂದಾಣೆಯು ಹಿತ್ತಾಳೆಯ ಹಳದಿ ಬಣ್ಣ ತಾಳಿತು. ಮೂರನೆಯ ಮೇಜಿನ ಮೇಲಿನ ಹಳದಿ ಆಣೆಗಳು ಆ ಯುದ್ಧದ ಸಾಕ್ಷಿಗಳು.

ನಾಣ್ಯ ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 1913ರ ಇಸವಿಯುಳ್ಳ ‘ಲಿಬರ್ಟಿ’ ನಿಕ್ಕೆಲ್ಲುಗಳು ಜಗತ್ತಿನಲ್ಲಿ ಐದೇ ತಿಳಿದಿರುವುದರಿಂದ ಅವಕ್ಕೆ ಅಪಾರ ಬೆಲೆ. ಅದಕ್ಕಿಂತ ಹಳೆಯವು ಎಷ್ಟೋ ಅಗ್ಗವಾಗಿ ದೊರೆಯುತ್ತವೆ. ಇಸವಿ, ಟಂಕಸಾಲೆಯ ಗುರುತು, ಉಳಿದಿರುವ ಸಂಖ್ಯೆ, ಸವೆತ ಇವನ್ನು ಕೂಡಿಸಿ ನೋಡಬೇಕು. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗಿನ ನಕ್ಷತ್ರ ಹೈದರಾಬಾದಿನದು, ವಜ್ರಾಕೃತಿ ಮುಂಬಯಿಯದು; ಗುರುತಿಲ್ಲದವು ಕೋಲಕತ್ತೆಯವು. ಹುಣಸೆಹಣ್ಣು ಹಚ್ಚಿ ನಾಣ್ಯವನ್ನು ತಿಕ್ಕಬೇಡಿರಿ. ಹೊಳಪು ಬಂದರೂ ಸಂಗ್ರಾಹಕರ ಕಣ್ಣಿನಲ್ಲಿ ಬೆಲೆ ಹೋಗುತ್ತದೆ.

ಪಾಲಕರಲ್ಲಿ ಒಂದು ಕಳಕಳಿಯ ವಿನಂತಿ. ‘ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿರಿ’ ಎಂಬ ಕರೆಗಳು ಬರುತ್ತವೆ. ಇಂಥ ವ್ಯವಹಾರಗಳಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಮಗ್ಗದ ಮುಂದೆ ರಾತ್ರಿಪಾಳಿ ದುಡಿದು ಗಳಿಸಿದ ಹಣವನ್ನು ಅಂಥವರಿಗೆ ಕಳುಹಿಸಬೇಡಿರಿ. ಖರೀದಿಸುವವನು ಹಣ ಕೊಡುತ್ತಾನೆ, ಬೇಡುವುದಿಲ್ಲ.

ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ಹಂಚಿಕೊಳ್ಳದೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. 1878ರ ನಿಧಿ ಕಾಯಿದೆ ಅದನ್ನೇ ಹೇಳುತ್ತದೆ. ನಮ್ಮ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1945-46ರಲ್ಲಿ ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೀಕ್ಷಿತರು ಉತ್ಖನನ ನಡೆಸಿದರು. ಯಾವ ಪದರಿನಲ್ಲಿ ಯಾವ ನಾಣ್ಯವಿತ್ತೆಂಬುದು ತಿಳಿದುದರಿಂದಲೇ ಶಾತವಾಹನರ ಕಾಲದ ಊರನ್ನು ಗುರುತಿಸುವುದು ಸುಲಭವಾಯಿತು. ಕದ್ದು ಕರಗಿಸಿದ್ದರೆ ಆ ಸಾಕ್ಷ್ಯ ಉಳಿಯುತ್ತಿರಲಿಲ್ಲ.

ಮಕ್ಕಳೇ, ಇಂದು ಸಂಜೆ ನಿಮ್ಮ ನಾಣ್ಯವನ್ನು ಮನೆಗೆ ಒಯ್ಯುವಾಗ ಒಂದು ಚೀಟಿಯನ್ನೂ ಒಯ್ಯಿರಿ. ಅದು ಯಾರದು, ಹೇಗೆ ಬಂದಿತು ಎಂದು ಅಜ್ಜ ಅಜ್ಜಿಯರನ್ನು ಕೇಳಿ, ಕನ್ನಡದಲ್ಲಿ ಬರೆದು ತನ್ನಿರಿ. ಇಸವಿಯನ್ನು ನಾಣ್ಯವೇ ಹೇಳುತ್ತದೆ. ಉಳಿದುದನ್ನು ಹೇಳಬಲ್ಲವರು ಇನ್ನೂ ಮನೆಯಲ್ಲಿದ್ದಾರೆ. ಆ ಚೀಟಿಗಳನ್ನು ಶಾಲೆಯ ಗ್ರಂಥಾಲಯದಲ್ಲಿ ಕಾಪಾಡುತ್ತೇವೆ.