ಹನ್ನೊಂದು ಕಿಲೋ ಪೆಟ್ಟಿಗೆಯೂ ನಮ್ಮ ಫ್ಲಾಪಿಗಳೂ

(ಯುವ ಕಾರ್ಯಕರ್ತರ ಶಿಬಿರದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು.

ಮೊನ್ನೆ ಅಕ್ಕನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಕಂಪ್ಯೂಟರ್ ತೋರಿಸಿದ. ಬರೀ ಚಿತ್ರವಲ್ಲ, ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರ್! ಹೆಸರು ಆಸ್ಬಾರ್ನ್ 1. 1981ರಲ್ಲಿ ಅಮೆರಿಕದಲ್ಲಿ ಬಂದದ್ದು. ಕೈಯಲ್ಲಿ ಹೊತ್ತೊಯ್ಯಬಹುದು ಅಂತ ಮಾರಿದರು. ತೂಕ ಸುಮಾರು 11 ಕಿಲೋ! ಬೆಲೆ 1,795 ಡಾಲರ್. ಪರದೆ 5 ಅಂಗುಲ, ಸಾಲಿಗೆ 52 ಅಕ್ಷರ. ಅಗಲದ ಪುಟ ಓದಲು ಅಕ್ಕಪಕ್ಕ ಸರಿಸುತ್ತಾ ಹೋಗಬೇಕು. ಮೇಮ್ ಎಂಬ ತಂತ್ರಾಂಶದೊಳಗೆ ಈಗಲೂ ಹಾಗೇ ಸರಿಯುತ್ತದೆ. ಝಡ್80 ಪ್ರೊಸೆಸರ್, 64 ಕಿಲೋಬೈಟ್ ಮೆಮೊರಿ, ಎರಡು ಫ್ಲಾಪಿ ಡ್ರೈವ್, ಎಲ್ಲವನ್ನೂ ತಂತ್ರಾಂಶದಲ್ಲೇ ಕಟ್ಟಿದ್ದಾರೆ. ಅಕ್ಷರಗಳ ಆಕಾರ ಕೂಡ ಮೂಲ ಯಂತ್ರದ ಚಿಪ್ಪಿನಲ್ಲಿದ್ದದ್ದೇ, ಚುಕ್ಕೆಗೆ ಚುಕ್ಕೆ. ಅಚ್ಚುಮೊಳೆ ಜೋಡಿಸಿದವನ ಮಗ ನಾನು, ನನ್ನ ಕಣ್ಣು ಅಲ್ಲೇ ನಿಂತಿತು.

ಆ ಕಂಪನಿ 1983ರಲ್ಲೇ ದಿವಾಳಿಯಾಯಿತು. ಆದರೂ ಅದರ ಫ್ಲಾಪಿಯ ನಕಲು ಇದ್ದರೆ ಅಂದು ವರ್ಡ್‌ಸ್ಟಾರಿನಲ್ಲಿ ಬರೆದ ಕಾಗದ ಇಂದೂ ಓದಬಹುದು.

ಯಜಮಾನ ಆಡಮ್ ಆಸ್ಬಾರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನಲ್ಲಿ, ತೀರಿಕೊಂಡದ್ದು 2003ರಲ್ಲಿ ಕೊಡೈಕನಾಲಿನಲ್ಲಿ. ಆ ಪೆಟ್ಟಿಗೆಯಲ್ಲಿ ತಮಿಳೂ ಇಲ್ಲ, ಕನ್ನಡವೂ ಇಲ್ಲ. ಅವನನ್ನು ದೂರುವುದಿಲ್ಲ. ನಾವೇನು ಮಾಡಿದೆವು?

1990ರ ದಶಕದಲ್ಲಿ ನಮ್ಮ ಪ್ರೆಸ್ಸುಗಳಿಗೆ ಡಿಟಿಪಿ ಬಂತು. ಒಂದೊಂದು ಕಂಪನಿಗೆ ಒಂದೊಂದು ಸಂಕೇತ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಮ್ಮ ಮೇಜಿಗೆ ಅದು ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಒತ್ತು, ಕೊಂಬು, ದೀರ್ಘಗಳನ್ನು ತುಂಡುತುಂಡಾಗಿ ಕೂರಿಸಿದ ಫಾಂಟುಗಳೇ ಗತಿ. ಆ ಫಾಂಟ್ ಇಲ್ಲದೆ ಕಡತ ತೆರೆದರೆ ಕಾಣುವುದು ಇಂಗ್ಲಿಷ್ ಕಸ!

ಎರಡು ವರ್ಷದ ಹಿಂದೆ ಒಬ್ಬ ಹಿರಿಯರು ಬಂದರು. ಅವರ ಊರಿನ ಚರಿತ್ರೆ ನಮ್ಮಲ್ಲೇ 1997ರಲ್ಲಿ ಅಚ್ಚಾಗಿತ್ತು, ಮರುಮುದ್ರಣ ಬೇಕು. ಪುಣ್ಯಕ್ಕೆ ಫ್ಲಾಪಿ ಓದಿತು. ಕಡತ ಮಾತ್ರ ಕಸ. ಆ ತಂತ್ರಾಂಶ ಡಾಂಗಲ್ ಚುಚ್ಚದೆ ಓಡುವುದಿಲ್ಲ, ಡಾಂಗಲ್ ಕೆಟ್ಟಿತ್ತು. ಮಾರಿದವರಿಗೆ ಫೋನ್ ಮಾಡಿದರೆ ಹೊಸದು ಕೊಳ್ಳಿ ಅಂದರು. ಹೊಸದರಲ್ಲಿ ಹಳೆಯದು ತೆರೆಯುತ್ತದೆಯೇ ಅಂದರೆ ಉತ್ತರವಿಲ್ಲ. 140 ಪುಟ ಮತ್ತೆ ಟೈಪ್ ಮಾಡಿಸಿದೆ. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಿದವನೂ ನಾನೇ, ಅದನ್ನೂ ಹೇಳಿಬಿಡುತ್ತೇನೆ.

ಹೆಚ್ಚು ಬಳಕೆಯಲ್ಲಿದ್ದ ಕೆಲವು ಫಾಂಟುಗಳಿಗೆ ಪರಿವರ್ತಕಗಳಿವೆ. ಉಳಿದವಕ್ಕೆ? ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದೆವು, ಸರಿ. ನಮ್ಮ ಊರುಗಳ ಸ್ಮರಣ ಸಂಚಿಕೆ, ಸಂಘದ ವರದಿ, ಅಜ್ಜಿಯರ ಹಾಡಿನ ಸಂಗ್ರಹ ಫ್ಲಾಪಿಯಲ್ಲೇ ಕೊಳೆಯುತ್ತಿವೆ. ಅಮೆರಿಕದ ಸತ್ತ ಪೆಟ್ಟಿಗೆಗೆ ಸಿಕ್ಕ ಮರ್ಯಾದೆ ನಮ್ಮ ಡಿಟಿಪಿ ಯಂತ್ರಕ್ಕೂ ಸಿಗಬೇಕು. ಅದರ ಫಾಂಟು, ಕೀಲಿಮಣೆ, ತಂತ್ರಾಂಶ ಸಮೇತ ಪ್ರತಿರೂಪ ಕಟ್ಟಿಸಿ ಎಂದು ವಿಶ್ವವಿದ್ಯಾಲಯಗಳನ್ನೂ ಸರ್ಕಾರವನ್ನೂ ಕೇಳೋಣ, ಜೋರಾಗಿಯೇ ಕೇಳೋಣ.

ಅಷ್ಟರೊಳಗೆ ನಿಮ್ಮ ಬಡಾವಣೆಯ ಹಳೇ ಪ್ರೆಸ್ಸಿಗೆ ಹೋಗಿ. ಫ್ಲಾಪಿ, ಸಿಡಿ, ಡಾಂಗಲ್, ಕೈಪಿಡಿ ಏನಿದ್ದರೂ ಗುಜರಿಗೆ ಬಿಡಬೇಡಿ. ಯಾವ ವರ್ಷ, ಯಾವ ಫಾಂಟ್ ಎಂದು ಚೀಟಿ ಅಂಟಿಸಿ. ನನ್ನಲ್ಲಿ ಓಡುವ ಫ್ಲಾಪಿ ಡ್ರೈವ್ ಒಂದಿದೆ. ಭಾನುವಾರ ಪ್ರೆಸ್ಸಿಗೆ ರಜೆ, ಹಿಂಬಾಗಿಲು ತೆರೆದಿರುತ್ತದೆ, ಬನ್ನಿ.